ಐಯಾನಿಕ್ 5ರಲ್ಲಿ ಚಾರ್ಮಾಡಿ ಇಳಿದದ್ದು: ಎಡಗೈಗೆ ಕೆಲಸಾನೇ ಇಲ್ಲ

ಭಾವನ ಎಲೆಕ್ಟ್ರಿಕ್ ಕಾರು ಹ್ಯುಂಡೈ ಐಯಾನಿಕ್ 5 ಇಸ್ಕೊಂಡು ಹೋದ ವಾರ ಧರ್ಮಸ್ಥಳಕ್ಕೆ ಹೋಗಿದ್ವಿ, ಬೆಂಗಳೂರಿಂದ ಹಾಸನ, ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಇಳಿದು. ಹದಿನೈದು ವರ್ಷದಿಂದ ಡೀಸೆಲ್ ಗೇರ್ ಗಾಡಿ ಓಡಿಸ್ತಿರೋನು ನಾನು, ಅದನ್ನ ಮನಸ್ಸಲ್ಲಿಟ್ಕೊಂಡು ಓದ್ಕೊಳಿ.

ಫೋಟೋದಲ್ಲಿ ಇದು ಪುಟ್ಟ ಹ್ಯಾಚ್‌ಬ್ಯಾಕ್ ಥರ ಕಾಣತ್ತೆ, ಕಂಪನಿಯವರದೇ 1970ರ ದಶಕದ ಪೋನಿ ಕಾರಿನ ಗೆರೆ ತಂದಿದಾರೆ, ಪಕ್ಕ ನಿಂತ್ರೇನೇ ಗೊತ್ತಾಗೋದು ಎಷ್ಟು ದೊಡ್ಡದು ಅಂತ. ಉದ್ದ 4,635 ಮಿ.ಮೀ., ಫಾರ್ಚೂನರ್‌ಗಿಂತ 16 ಸೆಂ.ಮೀ. ಗಿಡ್ಡ. ಆದ್ರೆ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಅಂತರ, 3,000 ಮಿ.ಮೀ., ಫಾರ್ಚೂನರ್‌ದು ಬರೀ 2,745! ಮುಂದೆ ಎಂಜಿನ್ ಇಲ್ವಲ್ಲ, ಮೋಟರ್ ಹಿಂದಿನ ಆಕ್ಸಲ್ ಹತ್ರ, ಬ್ಯಾಟರಿ ನೆಲದಡಿ ಹಾಸಿಗೆ ಹಾಸಿದಂಗೆ, ಹಂಗಾಗಿ ಚಕ್ರಗಳನ್ನ ನಾಲ್ಕು ಮೂಲೆಗೆ ತಳ್ಳಿ ಉಳಿದಿದ್ದೆಲ್ಲ ಜನಕ್ಕೆ ಕೊಟ್ಟಿದಾರೆ. ಹಿಂದಿನ ಸೀಟಲ್ಲಿ ನಡುವೆ ಆ ಉಬ್ಬೇ ಇಲ್ಲ, ಅಮ್ಮ ಅಲ್ಲೇ ಬುಟ್ಟಿ ಇಟ್ಕೊಂಡು ಆರಾಮಾಗಿ ಕಾಲು ಚಾಚಿದ್ರು. ಬ್ಯಾಟರಿ ಕೆಳಗಿರೋದ್ರಿಂದ ನೆಲ ಎತ್ತರ, ಮಂಡಿ ಸ್ವಲ್ಪ ಮೇಲೆ ಬರತ್ತೆ, ಅದು ಎಲೆಕ್ಟ್ರಿಕ್ ಗಾಡಿಗಳ ಜಾತಿಗುಣ.

ಈಗ ಓಡಿಸೋದು. 217 ಪಿಎಸ್ ಪವರ್, 350 ಎನ್‌ಎಂ ಟಾರ್ಕ್ (ಎಳೆಯೋ ಶಕ್ತಿ), ಕಾಲಿಟ್ಟ ತಕ್ಷಣ ಎಲ್ಲಾ ಒಟ್ಟಿಗೆ ಬರತ್ತೆ, ಹಾಸನ ರೋಡಲ್ಲಿ ಲಾರಿ ದಾಟೋಕೆ ಲೆಕ್ಕಾಚಾರನೇ ಬೇಡ. ಮಜಾನೇ, ಸುಳ್ಳು ಹೇಳಲ್ಲ. ಆದ್ರೆ ಡೀಸೆಲ್‌ನಲ್ಲಿ ಥರ್ಡ್‌ಗೆ ಇಳಿಸಿ, ಟರ್ಬೊ ಏಳೋವರೆಗೂ ಕಾದು ನುಗ್ತಿದ್ವಲ್ಲ, ಆ ಕಾಯೋದ್ರಲ್ಲೇ ಅರ್ಧ ಖುಷಿ ಇತ್ತು ಅಂತ ಈಗ ಗೊತ್ತಾಯ್ತು. ಘಾಟಿಯಲ್ಲಿ ಪ್ರತಿ ಹೇರ್‌ಪಿನ್‌ಗೂ ನನ್ನ ಎಡಗೈ ತಾನಾಗೇ ಗೇರ್ ಹುಡುಕ್ಕೊಂಡು ಹೋಗಿ ಚಕ್ಲಿ ಡಬ್ಬಿಗೆ ತಾಗ್ತಿತ್ತು.

ಇನ್ನೊಂದು, ಇದನ್ನ ಯಾರೂ ಹೇಳಿರ್ಲಿಲ್ಲ. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲಿ ರೀಜೆನ್ (ಮೋಟರೇ ಗಾಡಿ ನಿಧಾನ ಮಾಡಿ ಆ ಶಕ್ತೀನ ಬ್ಯಾಟರಿಗೆ ವಾಪಸ್ ತುಂಬೋದು) ಜಾಸ್ತಿ ಮಾಡಿದ್ರೆ ಕಾಲೆತ್ತಿದ ಕೂಡ್ಲೆ ಗಾಡಿ ಹಿಡಿಯತ್ತೆ, ನಂಗೆ ಆಟ, ಹಿಂದೆ ಅಮ್ಮಂಗೆ ತಲೆಸುತ್ತು. ಎಂಜಿನ್ ಸದ್ದು ಇಳಿದ್ರೆ ಬ್ರೇಕ್ ಬರತ್ತೆ ಅಂತ ಹಿಂದೆ ಕೂತೋರ ಮೈಗೆ ಮೊದಲೇ ಗೊತ್ತಾಗ್ತಿತ್ತು ಅನ್ಸತ್ತೆ, ಇಲ್ಲಿ ಸುಳಿವೇ ಇಲ್ಲ. "ಏನೋ ಇದು, ಹೇಳ್ದೆ ಕೇಳ್ದೆ ಎಳೀತದೆ" ಅಂದ್ರು. ಲೆವೆಲ್ 1ಕ್ಕೆ ಇಳಿಸಿದ್ಮೇಲೆ ಸರಿಹೋದ್ರು. ಅಷ್ಟಾದ್ರೂ ಕೊಟ್ಟಿಗೆಹಾರದಲ್ಲಿ 41% ಇದ್ದ ಬ್ಯಾಟರಿ ಕೆಳಗಿನ ಚೆಕ್‌ಪೋಸ್ಟ್‌ಗೆ ಬಂದಾಗ 43. ಇಳಿಜಾರಲ್ಲಿ ಟ್ಯಾಂಕ್ ತುಂಬಿದ್ದು ಜೀವನದಲ್ಲಿ ಇದೇ ಫಸ್ಟು.

ಈ ಸದ್ದಿನ ಕೊರತೆ ಕಂಪನಿಗೂ ಗೊತ್ತು, ಐಯಾನಿಕ್ 5 ಎನ್ ಅನ್ನೋ ಸ್ಪೋರ್ಟ್ಸ್ ಮಾಡೆಲ್ ಅಲ್ಲಿ ಇಲ್ಲದ ಎಂಟು ಗೇರಿನ ಸುಳ್ಳು ಜರ್ಕು, ಸ್ಪೀಕರಲ್ಲಿ ಸುಳ್ಳು ಎಂಜಿನ್ ಸದ್ದು ಕೊಡ್ತಾರೆ. ನಂಗ್ಯಾಕೋ ಅದು ತೊಟ್ಟಿಲಿಲ್ದೆ ಜೋಗುಳ ಹಾಡಿದಂಗೆ. ಅದಕ್ಕಿಂತ ತಿರುವಲ್ಲಿ ಗ್ಲಾಸ್ ಇಳಿಸಿದಾಗ ಬಂಡೆ ಮೇಲಿಂದ ನೀರು ಬೀಳೋದು, ಜೀರುಂಡೆ ಸದ್ದು ಕೇಳ್ತಲ್ಲ, ಡೀಸೆಲ್‌ನಲ್ಲಿ ಇದೇ ರೋಡಲ್ಲಿ ಇಪ್ಪತ್ತು ಸಲ ಹೋಗಿದೀನಿ, ಒಂದ್ಸಲಾನೂ ಕೇಳಿರ್ಲಿಲ್ಲ.

2023ರಲ್ಲಿ ಬಂದಾಗ ಎಕ್ಸ್‌ಶೋರೂಮ್ 44.95 ಲಕ್ಷ ಇತ್ತು, ನನ್ನ ಜೇಬಿಗೆ ಆಗಲ್ಲ. ಭಾವ, ಮುಂದಿನ ತಿಂಗಳು ಆಗುಂಬೆ ಪ್ಲಾನ್ ಇದೆ, ಕೀ ರೆಡಿ ಇಟ್ಟಿರಿ.