ಬ್ರೇಕ್ ಕೆಲಸದ ನಂತರ ಬರುವ ಸದ್ದನ್ನು ಹೊಸ ಪ್ಯಾಡಿನದೆಂದು ನಂಬಿ ಸುಮ್ಮನಿರಬೇಡಿ

ಮುಂದಿನ ಎರಡೂ ಚಕ್ರಗಳ ಬ್ರೇಕ್ ಡಿಸ್ಕ್ ಮತ್ತು ಪ್ಯಾಡುಗಳನ್ನು ಬದಲಾಯಿಸಿಕೊಂಡು ಗ್ಯಾರೇಜಿನಿಂದ ಕಾರು ತಂದ ಮೂರನೆಯ ದಿನ, ಹೆದ್ದಾರಿಯ ಬದಿಯಲ್ಲಿ ಮಂಡಿಯೂರಿ ಕುಳಿತು, ಎಡ ಮುಂಚಕ್ರದ ನಟ್ಟೊಂದನ್ನು ಎರಡು ಬೆರಳುಗಳಿಂದ ಹಿಡಿದು ತಿರುಗಿಸಿದೆ. ನೀರಿನ ಬಾಟಲಿಯ ಮುಚ್ಚಳದಷ್ಟು ಸಲೀಸಾಗಿ ಅದು ತಿರುಗಿತು. ಐದು ನಟ್ಟುಗಳಲ್ಲಿ ಒಂದು ತನ್ನ ಸ್ಟಡ್ಡಿನ (ನಟ್ಟು ಕೂರುವ, ಥ್ರೆಡ್ ಇರುವ ಲೋಹದ ಸರಳಿನ) ಮೇಲೆಯೇ ಇರಲಿಲ್ಲ, ಇನ್ನೆರಡು ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು, ಉಳಿದೆರಡು ಮಾತ್ರ ಅಷ್ಟಿಷ್ಟು ಬಿಗಿಯಾಗಿದ್ದವು. ಕಾರಿನೊಳಗೆ ಅಮ್ಮ ಕುಳಿತಿದ್ದರು. ಆ ಮೂರು ದಿನಗಳಲ್ಲಿ ಗಾಡಿ ನನಗೆ ಹಲವು ಬಾರಿ ಸುಳಿವು ಕೊಟ್ಟಿತ್ತು. ನಾನು ಅವುಗಳನ್ನು ಹೇಗೆ ತಪ್ಪಾಗಿ ಓದಿಕೊಂಡೆ ಎಂಬುದು ಇತರರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ಕೇಳಿಸಿದ್ದು ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಬರುವ ಸಣ್ಣ ಟಿಕ್ ಟಿಕ್ ಸದ್ದು ಮಾತ್ರ. ಗ್ಯಾರೇಜಿಗೆ ಫೋನ್ ಮಾಡಿ ಕೇಳಿದಾಗ, "ಹೊಸ ಪ್ಯಾಡ್ ಅಲ್ವಾ ಸರ್, ಡಿಸ್ಕಿಗೆ ಕೂತ್ಕೊಳ್ಳೋವರೆಗೂ ಸ್ವಲ್ಪ ಸದ್ದು ಇದ್ದೇ ಇರುತ್ತೆ" ಎಂಬ ಉತ್ತರ ಬಂತು. ಅದು ಸುಳ್ಳೇನಲ್ಲ, ಹೊಸ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕಾಗುತ್ತದೆ, ಆ ಅವಧಿಯಲ್ಲಿ ಸಣ್ಣಪುಟ್ಟ ಸದ್ದು ಬರುವುದೂ ಉಂಟು. ನಿಜವಾದ ಮಾತಾಗಿದ್ದರಿಂದಲೇ ನಾನು ಅದನ್ನು ನಂಬಿದೆ, ನಂಬಿದ್ದರಿಂದಲೇ ಗಾಡಿ ನಿಲ್ಲಿಸಿ ನೋಡಲಿಲ್ಲ. ಬ್ರೇಕಿನ ಕೆಲಸ ಮಾಡಬೇಕಾದರೆ ಚಕ್ರವನ್ನು ಬಿಚ್ಚಲೇಬೇಕು ಮತ್ತು ಅದನ್ನು ಮರಳಿ ಕೂರಿಸುವುದು ಆ ಕೆಲಸದ ಕೊನೆಯ ಹಂತ ಎಂಬ ಸರಳ ಸಂಗತಿ ನನಗೆ ಹೊಳೆಯಲೇ ಇಲ್ಲ.

ಎರಡನೆಯ ಸಂಜೆಯ ಹೊತ್ತಿಗೆ, ಗಿಲಕಿಯೊಳಗೆ ಕಲ್ಲು ಆಡಿದಂಥ ಸದ್ದು ಶುರುವಾಯಿತು. ಅದು ನಿಧಾನವಾಗಿ ಹೋಗುವಾಗ ಮಾತ್ರ ಕೇಳುತ್ತಿತ್ತು, ವೇಗ ಹೆಚ್ಚಿಸಿದರೆ ನಿಂತುಹೋಗುತ್ತಿತ್ತು. ವೇಗದಲ್ಲಿ ನಿಲ್ಲುವ ಸದ್ದು ಅಪಾಯದ್ದಾಗಿರಲಾರದು ಎಂದುಕೊಂಡೆ. ನಿಜವಾಗಿ ಆಗಿದ್ದೇನೆಂದರೆ, ಕಳಚಿಬಿದ್ದ ನಟ್ಟು ಚಕ್ರದ ಪ್ಲಾಸ್ಟಿಕ್ ವೀಲ್ ಕ್ಯಾಪಿನೊಳಗೆ ಸಿಕ್ಕಿಕೊಂಡು ಉರುಳಾಡುತ್ತಿತ್ತು. ಚಕ್ರ ಜೋರಾಗಿ ತಿರುಗಿದಾಗ ಅಂಚಿಗೆ ಒತ್ತಿಕೊಂಡು ಸುಮ್ಮನಾಗುತ್ತಿತ್ತು. ಮೂರನೆಯ ದಿನ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗತೊಡಗಿತು, ಚಕ್ರದ ಸುತ್ತಿಗೊಮ್ಮೆ ಟಕ್ ಎನ್ನುವ ಹೊಡೆತ ನೆಲದಿಂದ ಕಾಲಿಗೆ ತಟ್ಟತೊಡಗಿತು, ಬ್ರೇಕ್ ಪೆಡಲ್ ಮಾಮೂಲಿಗಿಂತ ಆಳಕ್ಕೆ ಇಳಿಯಿತು. "ಇದು ಸರಿಯಿಲ್ಲ ಕಣೋ, ಮೊದ್ಲು ನಿಲ್ಸು" ಎಂದವರು ಅಮ್ಮ. ವೀಲ್ ಕ್ಯಾಪ್ ಕಿತ್ತ ಕೂಡಲೇ ಆ ನಟ್ಟು ನನ್ನ ಪಾದದ ಬಳಿ ಬಿತ್ತು. ಅದರ ಮೂಲೆಗಳು ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಖಾಲಿ ಸ್ಟಡ್ಡಿನ ಸುತ್ತಲಿದ್ದ ದುಂಡು ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಅಲ್ಲಿಂದ ಕೆಂಗಂದು ಬಣ್ಣದ ಪುಡಿ ಗೆರೆಗೆರೆಯಾಗಿ ಹೊರಗೆ ಚೆಲ್ಲಿತ್ತು.

ಚಕ್ರವನ್ನು ಸ್ಟಡ್ಡುಗಳೇ ಹೊತ್ತು ನಿಂತಿರುತ್ತವೆ ಎಂದು ನಾನು ಅದುವರೆಗೆ ತಿಳಿದಿದ್ದೆ. ಹಾಗಲ್ಲ. ನಟ್ಟನ್ನು ಸರಿಯಾಗಿ ಬಿಗಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನಂತೆ ಅದು ಹಿಂದಕ್ಕೆ ಎಳೆಯುವುದರಿಂದ ಚಕ್ರವು ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುವಿನ ಲೋಹದ ಭಾಗಕ್ಕೆ, ಅದುಮಿಕೊಳ್ಳುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರದ ಹೆಚ್ಚಿನ ಪಾಲನ್ನು ಹೊರುತ್ತದೆ. ಒತ್ತಡ ಕಡಿಮೆಯಾದರೆ ಪ್ರತಿ ಸುತ್ತಿನಲ್ಲೂ ಚಕ್ರ ಹಬ್ಬಿನ ಮೇಲೆ ಅಡ್ಡಡ್ಡ ಜಾರುತ್ತದೆ. ಇಂಥ ಅಡ್ಡ ಅಲುಗಾಟವೇ ನಟ್ಟನ್ನು ತಾನಾಗಿ ಬಿಚ್ಚಿಸುತ್ತದೆ ಎಂಬುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಆದ್ದರಿಂದ ಒಂದು ನಟ್ಟು ಸಡಿಲವಾದರೆ ಉಳಿದವು ಹಿಡಿದುಕೊಳ್ಳುತ್ತವೆ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಅಲ್ಲಿಯೇ ನಟ್ಟು ಬಿಗಿದು ಮುಂದೆ ಹೋಗೋಣ ಎನ್ನಿಸಿತ್ತು. ಹಾಗೆ ಮಾಡದೆ ಕಾರನ್ನು ಲಾರಿಯ ಮೇಲೆ ಹೇರಿಸಿದ್ದು ಒಳ್ಳೆಯದಾಯಿತು. ಸಡಿಲ ಚಕ್ರದ ಹೊಡೆತ ತಿಂದ ಸ್ಟಡ್ಡುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ರಂಧ್ರ ಹಿಗ್ಗಿದ ಚಕ್ರದಲ್ಲಿ ನಟ್ಟು ಮತ್ತೆ ಸರಿಯಾಗಿ ಕೂರುವುದಿಲ್ಲ. ಐದೂ ಸ್ಟಡ್ಡು, ಐದೂ ನಟ್ಟು ಮತ್ತು ಚಕ್ರವನ್ನೇ ಬದಲಾಯಿಸಬೇಕಾಯಿತು.

ಗ್ಯಾರೇಜಿನವರು ಮುಚ್ಚಿಡಲಿಲ್ಲ. ಕಾರು ಜ್ಯಾಕಿನ ಮೇಲಿದ್ದಾಗ ಹುಡುಗ ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಿದ್ದಾನೆ. ಕೆಳಗಿಳಿಸಿದ ಮೇಲೆ ಪೂರ್ತಿ ಬಿಗಿಯಬೇಕಿತ್ತು. ಬಲಗಡೆಯದನ್ನು ಬಿಗಿಯುವಷ್ಟರಲ್ಲಿ ಇನ್ನೊಂದು ಗಾಡಿಗೆ ಕರೆ ಬಂದಿದೆ. ಹಬ್ಬಿನ ಮುಖದ ತುಕ್ಕನ್ನೂ ಉಜ್ಜಿ ತೆಗೆದಿರಲಿಲ್ಲ. ಆ ತುಕ್ಕು ಓಡಾಟದಲ್ಲಿ ಪುಡಿಯಾದರೆ ಸರಿಯಾಗಿ ಬಿಗಿದ ನಟ್ಟು ಕೂಡ ಸಡಿಲವಾಗುತ್ತದೆ. ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ. ಒಬ್ಬ ಬಿಗಿದದ್ದನ್ನು ಇನ್ನೊಬ್ಬ ನೋಡುವ ಪದ್ಧತಿಯೇ ಇಲ್ಲದಿದ್ದದ್ದು ದೊಡ್ಡ ತಪ್ಪು.

ಚಕ್ರ ಬಿಚ್ಚುವ ಯಾವುದೇ ಕೆಲಸವಾದ ಮೇಲೆ, ಕಾರು ನೆಲಕ್ಕಿಳಿದಾಗ ಟಾರ್ಕ್ ರೆಂಚಿನಿಂದ (ನಿಗದಿತ ಬಿಗಿ ತಲುಪಿದಾಗ ಟಕ್ ಎನ್ನುವ ಸ್ಪ್ಯಾನರಿನಿಂದ) ನಟ್ಟುಗಳನ್ನು ಬಿಗಿಯುವುದನ್ನು ನಿಂತು ನೋಡಿ. ಕೇಳಲು ಸಂಕೋಚ ಬೇಡ. ಬಿಗಿಯುವಾಗ ಪಕ್ಕಪಕ್ಕದ ನಟ್ಟಿಗೆ ಹೋಗದೆ, ನಕ್ಷತ್ರದ ಗೆರೆ ಎಳೆದಂತೆ ಎದುರುಬದುರು ಹೋಗಬೇಕು. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯ ಕಾರುಗಳಲ್ಲಿ ಹೆಚ್ಚಾಗಿ 90ರಿಂದ 120 ನ್ಯೂಟನ್ ಮೀಟರ್. 110 ಎಂದರೆ ಅರ್ಧ ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 22 ಕಿಲೋ ಭಾರ ಹಾಕಿದಷ್ಟು. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ತುಳಿಯುವುದು, ಏರ್ ಗನ್ನಿನಿಂದ ಸಿಕ್ಕಾಪಟ್ಟೆ ಬಿಗಿಯುವುದು ಸ್ಟಡ್ಡನ್ನು ಹಾಳುಮಾಡುತ್ತವೆ. ಕೈಪಿಡಿ ಹೇಳದಿದ್ದರೆ ಥ್ರೆಡ್ಡಿಗೆ ಎಣ್ಣೆ ಸವರಬಾರದು, ಏಕೆಂದರೆ ಆಗ ಅದೇ ಅಳತೆಗೆ ಸ್ಟಡ್ಡು ಮಿತಿಮೀರಿ ಹಿಗ್ಗುತ್ತದೆ. ನಟ್ಟಿನಿಂದ ಚಕ್ರದವರೆಗೆ ಪೇಂಟಿನಿಂದ ಒಂದು ಗೆರೆ ಎಳೆದಿಟ್ಟರೆ, ಗೆರೆ ತುಂಡಾದಾಗ ನಟ್ಟು ತಿರುಗಿದೆ ಎಂದು ತಿಳಿಯುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಿರುವಾಗ, ಮತ್ತೊಮ್ಮೆ ರೆಂಚ್ ಹಾಕಿ ನೋಡಲೇಬೇಕು.

ಹೊಸ ಚಕ್ರ ಹಾಕಿಸಿ 80 ಕಿಲೋಮೀಟರ್ ಓಡಿಸಿದ ಮರುದಿನ ಬೆಳಿಗ್ಗೆ ನಾನೇ ರೆಂಚ್ ಹಿಡಿದು ಕುಳಿತೆ. ಈ ಬಾರಿ ಎಲ್ಲವನ್ನೂ ನನ್ನ ಕಣ್ಣೆದುರೇ ಅಳತೆಗೆ ಬಿಗಿದಿದ್ದರು. ನಾಲ್ಕು ನಟ್ಟುಗಳು ಅಲುಗಲಿಲ್ಲ. ಐದನೆಯದು ತುಸು ತಿರುಗಿ, ಆಮೇಲೆ ಟಕ್ಕೆಂದಿತು.