ರೂಗರ್ ಸೆಕ್ಯುರಿಟಿ-9: ಕಮ್ಮಿ ದುಡ್ಡಿನ ಪಿಸ್ತೂಲು, ಸಹಿ ಹಾಕುವ ಮುಂಚೆ ಏನೇನು ನೋಡಬೇಕು

ಟೆಕ್ಸಸ್‌ನಲ್ಲಿ ಇರುವ ನಮ್ಮವರು ಆಗಾಗ ಕೇಳುತ್ತಾರೆ, ಮೊದಲ ಪಿಸ್ತೂಲು, 400 ಡಾಲರ್ ಒಳಗೆ ಯಾವುದು ತಗೋಬೇಕು ಅಂತ. ನಾನು ತಗೊಂಡಿದ್ದು ರೂಗರ್ ಸೆಕ್ಯುರಿಟಿ-9. ರೇಂಜ್‌ನಲ್ಲಿ (ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗ) ಚೆನ್ನಾಗಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಎಚ್-1ಬಿ ಥರದ ವೀಸಾದಲ್ಲಿ ಇರುವವರಿಗೆ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಮಾತ್ರ ಇವೆ. ಅಂಗಡಿಗೆ ಹೋಗುವ ಮುಂಚೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದರೆ ತಗೋಬಹುದು, ಆದರೆ ಲೈಸೆನ್ಸ್ ಇರುವ ಅಂಗಡಿಯಲ್ಲಿ ಪಿಸ್ತೂಲಿಗೆ 21 ತುಂಬಿರಬೇಕು. ಸ್ನೇಹಿತ ದುಡ್ಡು ಕೊಟ್ಟ ಅಂತ ಅವನಿಗೋಸ್ಕರ ನಿಮ್ಮ ಹೆಸರಲ್ಲಿ ಕೊಳ್ಳಬೇಡಿ, ಅದು ಜೈಲಿಗೆ ಹೋಗುವಂಥ ಅಪರಾಧ.

ಗುಂಡಿನ ವಿಷಯದಲ್ಲಿ 9 ಎಂಎಂ ತಗೊಳ್ಳಿ. ಎಲ್ಲ ಕಡೆ ಸಿಗುತ್ತದೆ, ಅಗ್ಗ, ಹಿಂದಕ್ಕೆ ಒದೆಯುವುದೂ ಕಮ್ಮಿ. ಭಾರತದಲ್ಲಿ ಇದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಅಳತೆ, ಹಾಗಾಗಿ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದ ಕೊಡಗಿನವರಿಗೂ ಇದು ಹೊಸತು.

ಈ ಬೆಲೆಯಲ್ಲಿ ಟಾರಸ್ ಜಿ3ಸಿ ಕೂಡ ನೋಡಿದೆ. ಚಿಕ್ಕದು, 12 ಗುಂಡು, ಸೊಂಟದಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಅದು ಸರಿ. ನನಗೆ ಬೇಕಿದ್ದದ್ದು ರೇಂಜ್‌ಗೆ ಮತ್ತು ಮನೆಗೆ. ಸೆಕ್ಯುರಿಟಿ-9ರಲ್ಲಿ 4 ಇಂಚಿನ ಬ್ಯಾರೆಲ್, ಮ್ಯಾಗಜಿನ್‌ನಲ್ಲಿ (ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ಡಬ್ಬಿ) 15 ಗುಂಡು. ಇದಕ್ಕೆ ಒಳಗೆ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ಇದೆ, ಹಾಗಾಗಿ ಸ್ಲೈಡ್, ಅಂದರೆ ಹಿಂದಕ್ಕೆ ಜಾರುವ ಮೇಲಿನ ಭಾಗ, ಎಳೆಯುವುದು ಹಗುರ. ನನ್ನ ಹೆಂಡತಿ ಬೇರೆ ಪಿಸ್ತೂಲುಗಳ ಸ್ಲೈಡ್ ಎಳೆಯಲು ಕಷ್ಟಪಡುತ್ತಿದ್ದಳು, ಇದನ್ನು ಆರಾಮಾಗಿ ಎಳೆದಳು. ಅಲ್ಲಿಗೆ ತೀರ್ಮಾನ ಆಯಿತು.

ಈಗ ಮುಖ್ಯ ವಿಷಯ. ಶೋಕೇಸ್‌ನಲ್ಲಿ ಇರುವುದನ್ನು ತೋರಿಸಿ, ಒಳಗಿನಿಂದ ಬಾಕ್ಸ್ ತಂದು ಕೊಡುತ್ತಾರೆ. ಆ ಬಾಕ್ಸ್ ಬಿಚ್ಚಿಸಿ. ನೀವು ಮನೆಗೆ ಒಯ್ಯುವ ಪಿಸ್ತೂಲನ್ನೇ ನೋಡಬೇಕು. ಫಾರ್ಮ್ 4473 (ಬಂದೂಕು ಕೊಳ್ಳುವಾಗ ಸಹಿ ಹಾಕುವ ಫೆಡರಲ್ ಅರ್ಜಿ) ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಆಗಿ, ಅದು ನಿಮ್ಮ ಹೆಸರಿಗೆ ಬಂದ ಮೇಲೆ ಬಹಳಷ್ಟು ಅಂಗಡಿಗಳು ವಾಪಸ್ ತಗೊಳ್ಳುವುದಿಲ್ಲ, ಏನೇ ಇದ್ದರೂ ಕಂಪನಿಗೆ ಕಳಿಸಿ ಕಾಯಬೇಕು. ಕಮ್ಮಿ ಬೆಲೆಯ ಪಿಸ್ತೂಲುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೆಲಸದ ನಯದಲ್ಲಿ ವ್ಯತ್ಯಾಸ ಇರಬಹುದು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಕೈಗೆ ಬಂದ ಕೂಡಲೇ ಮ್ಯಾಗಜಿನ್ ತೆಗೆಯಿರಿ, ಸ್ಲೈಡ್ ಎಳೆದು ಹಿಂದೆ ನಿಲ್ಲಿಸಿ, ಚೇಂಬರ್ (ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಒಳಗೆ ಗುಂಡು ಇಲ್ಲ ಅಂತ ಕಣ್ಣಲ್ಲೂ ನೋಡಿ, ಕಿರುಬೆರಳಿಟ್ಟೂ ನೋಡಿ. ಅಂಗಡಿಯವರು ಆಗಲೇ ತೋರಿಸಿದ್ದರೂ ನೀವು ಇನ್ನೊಮ್ಮೆ ನೋಡಿ. ಮೂತಿ ಯಾರ ಕಡೆಗೂ ತಿರುಗಬಾರದು. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಗುಂಡು ಚೇಂಬರ್‌ಗೆ ಜಾರುವ ಇಳಿಜಾರನ್ನು ನೋಡಿ. ಅಲ್ಲಿ ಒರಟು ಗೀರು, ಚೂಪು ಅಂಚು ಇದ್ದರೆ ಗುಂಡು ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಜಾಸ್ತಿ. ಬ್ಯಾರೆಲ್ ತುದಿಯ ಅಂಚಿನಲ್ಲಿ ಪೆಟ್ಟು ಬಿದ್ದ ಗುರುತು ಇರಬಾರದು. ಸೈಟ್‌ಗಳು (ಗುರಿ ಹಿಡಿಯಲು ಸ್ಲೈಡ್ ಮೇಲಿರುವ ಗುರುತುಗಳು) ನಟ್ಟ ನಡುವೆ ಕೂತಿವೆಯಾ ಮೇಲಿಂದ ನೋಡಿ.

ಬಾಕ್ಸ್‌ನಲ್ಲಿ ಬಂದ ಎಲ್ಲ ಮ್ಯಾಗಜಿನ್‌ಗಳನ್ನೂ ಖಾಲಿಯಾಗಿ ಹಾಕಿ ಸ್ಲೈಡ್ ಎಳೆಯಿರಿ. ಪ್ರತಿ ಸಲವೂ ಸ್ಲೈಡ್ ಹಿಂದೆ ನಿಲ್ಲಬೇಕು, ಬಟನ್ ಒತ್ತಿದರೆ ಮ್ಯಾಗಜಿನ್ ತಾನಾಗಿ ಕೆಳಗೆ ಬೀಳಬೇಕು. ಟ್ರಿಗರ್ ಒತ್ತಿ ನೋಡಲು ಅಂಗಡಿಯವರ ಒಪ್ಪಿಗೆ ಕೇಳಿ. ಒಪ್ಪಿದರೆ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತಿ, ಒತ್ತಿ ಹಿಡಿದೇ ಸ್ಲೈಡ್ ಒಮ್ಮೆ ಎಳೆದು ಬಿಡಿ, ಈಗ ಬೆರಳನ್ನು ನಿಧಾನ ಸಡಿಲಿಸಿದರೆ ಟಕ್ ಅಂತ ಟ್ರಿಗರ್ ವಾಪಸ್ ಕೂರುವುದು ಗೊತ್ತಾಗಬೇಕು. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಲಿವರ್) ಹಾಕಿದಾಗ ಟ್ರಿಗರ್ ಎಷ್ಟು ಒತ್ತಿದರೂ ಹ್ಯಾಮರ್ ಬೀಳಬಾರದು. ಕೊನೆಗೆ ಸೀರಿಯಲ್ ನಂಬರ್ ಬಾಕ್ಸ್ ಮೇಲಿನದಕ್ಕೆ ತಾಳೆ ಆಗುತ್ತದೆಯಾ ನೋಡಿ, ರೀಕಾಲ್ (ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆಸಿಕೊಳ್ಳುವುದು) ಇದೆಯಾ ಅಂತ ಕಂಪನಿಯ ವೆಬ್‌ಸೈಟ್‌ನಲ್ಲಿ ಅಲ್ಲೇ ನಿಂತು ಹುಡುಕಿ. ಇಷ್ಟಕ್ಕೆಲ್ಲ ಬೇಸರ ಮಾಡಿಕೊಳ್ಳುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿ. ನಾನು ಹೋದ ಕಡೆ ಕೌಂಟರ್‌ನಲ್ಲಿದ್ದ ಹಿರಿಯರು ತಾವೇ ಬಟ್ಟೆ ಹಾಸಿ, ಬಿಚ್ಚಿ ತೋರಿಸಿದರು.

ರೇಂಜ್‌ನಲ್ಲಿ ಇದು ನನಗೆ ತೊಂದರೆ ಕೊಟ್ಟಿಲ್ಲ. ಟ್ರಿಗರ್ ಸ್ವಲ್ಪ ದೂರ ಎಳೆಯಬೇಕು, ಆದರೆ ಮೃದು. ನನಗೆ ಇಷ್ಟವಾಗದ್ದು ಎರಡು. ಸೇಫ್ಟಿ ಲಿವರ್ ಚಿಕ್ಕದು, ಹೆಬ್ಬೆರಳಿಗೆ ಸುಲಭವಾಗಿ ಸಿಗುವುದಿಲ್ಲ. ಕ್ಲೀನ್ ಮಾಡಲು ಬಿಚ್ಚಬೇಕಾದರೆ ಒಂದು ಸಣ್ಣ ಪಿನ್ನನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಹೊರಗೆ ತೆಗೆಯಬೇಕು. ಆ ಪಿನ್ ಪೂರ್ತಿ ಕೈಗೆ ಬಂದುಬಿಡುತ್ತದೆ, ಕಾರ್ಪೆಟ್ ಮೇಲೆ ಬಿದ್ದರೆ ಹುಡುಕಿ ಸಾಕಾಗುತ್ತದೆ. ಟ್ರೇ ಇಟ್ಟುಕೊಂಡು ಬಿಚ್ಚಿ. ಆದರೆ ಬಿಚ್ಚಲು ಟ್ರಿಗರ್ ಒತ್ತುವ ಅಗತ್ಯವಿಲ್ಲ, ಅದು ದೊಡ್ಡ ನೆಮ್ಮದಿ.

ಬಜೆಟ್ ಅಂದರೆ ಪಿಸ್ತೂಲಿನ ಬೆಲೆ ಮಾತ್ರ ಅಲ್ಲ. ನಾನು ಕೊಟ್ಟಿದ್ದು 320 ಡಾಲರ್, ಅದರ ಮೇಲೆ ಟ್ಯಾಕ್ಸ್. ಉಳಿದ ದುಡ್ಡಲ್ಲಿ ಕಿವಿಗೆ, ಕಣ್ಣಿಗೆ ರಕ್ಷಣೆ, ಅಭ್ಯಾಸಕ್ಕೆ ಗುಂಡು, ಒಂದು ಶುರುವಿನ ಕ್ಲಾಸ್, ಮತ್ತೆ ಬೀಗದ ಪೆಟ್ಟಿಗೆ ತಗೊಂಡೆ. ಮಕ್ಕಳಿರುವ ಮನೆಯಾದರೆ ಪೆಟ್ಟಿಗೆ ಮೊದಲು ತಗೊಳ್ಳಿ, ಪಿಸ್ತೂಲು ಆಮೇಲೆ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಬಿಟ್ಟರೆ ಟೆಕ್ಸಸ್‌ನಲ್ಲಿ ಅಪ್ಪ ಅಮ್ಮನ ಮೇಲೆ ಕೇಸ್ ಆಗಬಹುದು. ಬಾಕ್ಸ್‌ನ ಜೊತೆ ಬರುವ ಬೀಗ ಒಂದನ್ನೇ ನಂಬಿ ಅಲ್ಮೇರಾ ಮೇಲೆ ಇಡಬೇಡಿ.