ಪತ್ತೇದಾರಿ ಕೇಳಿದರೆ ಅಂಗಡಿಯವರು ಕೊಡುವ ಮೂರು ಪುಸ್ತಕ: ಯಾವುದು ಯಾರಿಗೆ?

ತುಮಕೂರಿನ ಸಣ್ಣ ಪುಸ್ತಕದಂಗಡಿಗಳಲ್ಲಿ ಹೆಚ್ಚಿನ ಜಾಗ ಗೈಡು, ನೋಟ್ಸು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೇ ಹೋಗುತ್ತದೆ. ಉಳಿದ ಒಂದೆರಡು ಕಪಾಟಿನ ಮುಂದೆ ನಿಂತು "ಒಳ್ಳೇ ಪತ್ತೇದಾರಿ ಇದ್ರೆ ಕೊಡಿ" ಅಂದರೆ ಅಂಗಡಿಯವರ ಕೈ ಮೂರು ಕಡೆ ಹೋಗುತ್ತದೆ. ಒಂದು ತೇಜಸ್ವಿಯವರ 'ಚಿದಂಬರ ರಹಸ್ಯ', ಇನ್ನೊಂದು ಅಗಾಥಾ ಕ್ರಿಸ್ಟಿಯ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', ಮತ್ತೊಂದು ಜಪಾನಿನ ಕೀಗೊ ಹಿಗಾಶಿನೊ ಬರೆದ 'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಮೂರೂ ಗಟ್ಟಿ ಪುಸ್ತಕಗಳೇ. ಆದರೆ ಮೂರೂ ಕೇಳುವ ಪ್ರಶ್ನೆ ಬೇರೆ ಬೇರೆ. ಅದು ತಿಳಿಯದೆ ಕೊಂಡವರು ಅರ್ಧಕ್ಕೇ ಮುಚ್ಚಿಡುತ್ತಾರೆ.

ಈ ಹೋಲಿಕೆ ಮೂರನ್ನೂ ಎರಡೆರಡು ಸಲ ಓದಿ ಮಾಡಿದ್ದು. ಮೊದಲ ಓದಿನಲ್ಲಿ ನೋಡಬೇಕಾದ್ದು, ಪುಸ್ತಕ ಕೈಬಿಡಲು ಮನಸ್ಸಾಗುತ್ತದೆಯೇ ಎಂಬುದು. ಉತ್ತರ ಗೊತ್ತಾದ ಮೇಲಿನ ಎರಡನೇ ಓದಿನಲ್ಲಿ ನೋಡಬೇಕಾದ್ದು, ಸುಳಿವುಗಳು ನಿಜವಾಗಿಯೂ ಕಣ್ಣೆದುರೇ ಇದ್ದವೇ ಅಥವಾ ಕೊನೆಗೆ ತಂದು ತುರುಕಿದ್ದೇ ಎಂಬುದು. ಪತ್ತೇದಾರಿ ಕಾದಂಬರಿಯ ಯೋಗ್ಯತೆ ತಿಳಿಯುವುದು ಈ ಎರಡನೇ ಓದಿನಲ್ಲೇ. ಯಾವ ಪುಸ್ತಕದ ಗುಟ್ಟನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

ಮೊದಲು ಕ್ರಿಸ್ಟಿ, ಯಾಕೆಂದರೆ ಉಳಿದೆರಡನ್ನು ಅಳೆಯುವುದಕ್ಕೆ ಇದೇ ಕೋಲು. 1926ರ ಕಾದಂಬರಿ. ಇಂಗ್ಲೆಂಡಿನ ಒಂದು ಹಳ್ಳಿ, ಬಾಗಿಲು ಹಾಕಿದ ಓದುಕೋಣೆ, ಅಲ್ಲೊಬ್ಬ ಸಿರಿವಂತನ ಹೆಣ. ಕಥೆ ಹೇಳುವವರು ಊರಿನ ಡಾಕ್ಟರು. ಪತ್ತೇದಾರ ಪೊಯ್ರೊ ಕೆಲಸದಿಂದ ನಿವೃತ್ತನಾಗಿ ಪಕ್ಕದ ಮನೆಯಲ್ಲಿ ತರಕಾರಿ ಬೆಳೆಯುತ್ತಿರುತ್ತಾನೆ. ಪ್ರಶ್ನೆ ನೇರ: ಕೊಂದವರು ಯಾರು? ಇದನ್ನು ಓದುವಾಗ ಒಂದು ಚೀಟಿ, ಪೆನ್ನು ಬೇಕೇಬೇಕು. ಪಾರ್ಕರ್, ಪೇಟನ್, ರೇಮಂಡ್, ಬ್ಲಂಟ್ ಎಂಬ ಹೆಸರುಗಳು ನಮ್ಮ ಕಿವಿಗೆ ಒಂದೇ ಥರ ಕೇಳುತ್ತವೆ. ಐವತ್ತು ಪುಟ ದಾಟುವಷ್ಟರಲ್ಲಿ ಮನೆಗೆಲಸದವನು ಯಾರು, ಕಾರ್ಯದರ್ಶಿ ಯಾರು ಎಂಬುದು ಕಲಸಿಹೋಗುತ್ತದೆ. ಹೆಸರಿನ ಮುಂದೆ ಒಂದೇ ಪದದಲ್ಲಿ ಕೆಲಸ ಬರೆದುಕೊಂಡರೆ ಸಾಕು. ಎರಡನೆಯದಾಗಿ, ಕೊಲೆಯಾದ ರಾತ್ರಿ ಎಂಟು ಐವತ್ತರಿಂದ ಹತ್ತೂಕಾಲರವರೆಗೆ ಯಾರು ಎಲ್ಲಿದ್ದರು ಎಂಬುದನ್ನು ಸಾಲಾಗಿ ಗುರುತು ಹಾಕಿಕೊಳ್ಳಿ. ಲೆಕ್ಕವೆಲ್ಲ ಆ ಒಂದೂವರೆ ಗಂಟೆಯೊಳಗೇ ಇದೆ. ಜಾಗ ಬದಲಿಸಿದ ಕುರ್ಚಿ, ರೈಲ್ವೆ ಸ್ಟೇಷನ್ನಿನಿಂದ ಬಂದ ಫೋನು, ಇವೆರಡನ್ನೂ ಬಿಡಬೇಡಿ.

ಪುಸ್ತಕ ಹೊರಬಂದಾಗ ಇದು ಓದುಗರಿಗೆ ಮಾಡಿದ ಮೋಸ ಎಂದು ಸಿಟ್ಟಾದವರಿದ್ದರು. ಎರಡನೇ ಸಲ ಓದಿ ನೋಡಿ, ಆ ಆರೋಪ ನಿಲ್ಲುವುದಿಲ್ಲ. ಒಂದೊಂದು ವಾಕ್ಯವನ್ನೂ ತಕ್ಕಡಿಯಲ್ಲಿ ತೂಗಿ ಇಟ್ಟಿದ್ದಾರೆ. ಮೂರರಲ್ಲಿ ಎರಡನೇ ಓದಿಗೆ ಅತಿ ಹೆಚ್ಚು ಸಂತೋಷ ಕೊಡುವ ಪುಸ್ತಕ ಇದೇ. ಆದರೆ ಒಂದು ಅಪಾಯವಿದೆ. ನೂರು ವರ್ಷದ ಹತ್ತಿರ ಬಂದಿರುವ ಇದರ ಗುಟ್ಟು ಮೊಬೈಲಿನಲ್ಲಿ ಎಲ್ಲೆಂದರಲ್ಲಿ ಬಿದ್ದಿದೆ. ಪುಸ್ತಕದ ಹೆಸರನ್ನು ಹುಡುಕಲೇಬೇಡಿ. ಮುನ್ನುಡಿ ಇದ್ದರೆ ಅದನ್ನು ಕೊನೆಗೆ ಓದಿ.

ಹಿಗಾಶಿನೊ ಇದನ್ನು ತಲೆಕೆಳಗು ಮಾಡುತ್ತಾರೆ. 2005ರಲ್ಲಿ ಜಪಾನಿ ಭಾಷೆಯಲ್ಲಿ, 2011ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಕಾದಂಬರಿಯಲ್ಲಿ ಕೊಂದವರು ಯಾರು ಎಂಬುದು ಆರಂಭದಲ್ಲೇ ಗೊತ್ತಾಗುತ್ತದೆ. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಯಾಸುಕೊ ಮನೆಗೆ ಹಳೇ ಗಂಡ ಬಂದು ಕಾಡುತ್ತಾನೆ, ಅಲ್ಲೇ ಸಾಯುತ್ತಾನೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಅದನ್ನು ಮುಚ್ಚಿಹಾಕುವ ಹೊಣೆ ಹೊರುತ್ತಾನೆ. ಅವನ ಹಳೆಯ ಸ್ನೇಹಿತ, ಭೌತವಿಜ್ಞಾನಿ ಯುಕಾವಾ, ಪೊಲೀಸರ ಪರವಾಗಿ ಯೋಚಿಸತೊಡಗುತ್ತಾನೆ. ಹಾಗಾಗಿ ಇಲ್ಲಿನ ಪ್ರಶ್ನೆ ಯಾರು ಎಂಬುದಲ್ಲ, ಹೇಗೆ ಎಂಬುದು. 'ದೃಶ್ಯ' ಸಿನಿಮಾ ನೋಡಿ ಮೆಚ್ಚಿದವರಿಗೆ ಈ ಬಗೆ ಹೊಸದೆನಿಸದು. ಅಪರಾಧ ನಮಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ, ನಮ್ಮ ಜೀವ ಹೊಡೆದುಕೊಳ್ಳುವುದು ಆ ಸಂದಿಯಲ್ಲಿ.

ಇಂಗ್ಲಿಷ್ ಓದಿ ಹೆಚ್ಚು ರೂಢಿಯಿಲ್ಲದವರಿಗೆ ಕ್ರಿಸ್ಟಿಗಿಂತ ಇದು ಎಷ್ಟೋ ಸುಲಭ. ವಾಕ್ಯಗಳು ಚಿಕ್ಕವು, ನೆನಪಿಡಬೇಕಾದ ಹೆಸರುಗಳು ಆರೇಳು. ಜನ ಎಡವುವ ಜಾಗ ಒಂದೇ: ಮೊದಲ ಪುಟಗಳಲ್ಲಿ ಮೇಷ್ಟ್ರು ಬೆಳಗ್ಗೆ ನದಿ ಪಕ್ಕ ನಡೆದುಹೋಗುವ ವರ್ಣನೆ ಬರುತ್ತದೆ. "ಇದೇನು, ಕಥೆ ಯಾವಾಗ ಶುರು?" ಎಂದು ಅದನ್ನು ಹಾರಿಸಿಬಿಡುತ್ತಾರೆ. ಹಾರಿಸಬೇಡಿ, ನಿಧಾನವಾಗಿ ಓದಿ. ನಡುವೆ ತನಿಖೆ ಒಂದೇ ಕಡೆ ಸುತ್ತುತ್ತಿದೆ ಅನ್ನಿಸುವ ನಲವತ್ತು ಐವತ್ತು ಪುಟಗಳಿವೆ. ಅಲ್ಲಿ ತಾಳ್ಮೆ ಬೇಕು. ಕೊನೆ ಮಾತ್ರ ಎದೆಯನ್ನೇ ಹಿಂಡುತ್ತದೆ. ಕ್ರಿಸ್ಟಿ ಮುಗಿದಾಗ ತಲೆ ತೂಗುತ್ತೇವೆ, ಇದು ಮುಗಿದಾಗ ಮಾತು ನಿಲ್ಲುತ್ತದೆ.

'ಚಿದಂಬರ ರಹಸ್ಯ'ದ ದಾರಿಯೇ ಬೇರೆ. 1985ರ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಅನುಮಾನವಿದೆ. ಅದನ್ನು ಬಗೆಯಲು ಗುಪ್ತಚರ ಇಲಾಖೆಯ ಅಂಗಾಡಿ ಮಲೆನಾಡಿನ ಕೆಸರೂರಿಗೆ ಬರುತ್ತಾನೆ. ಇಷ್ಟು ಕೇಳಿದರೆ ಅಪ್ಪಟ ಪತ್ತೇದಾರಿ. ಆದರೆ ಕಥೆ ಏಲಕ್ಕಿ ಇಳುವರಿ, ಜಾತಿ, ಧರ್ಮ, ಕಾಲೇಜು ಹುಡುಗರು, ರಫಿ ಮತ್ತು ಜಯಂತಿಯ ಪ್ರೀತಿ, ಎಲ್ಲೆಡೆ ಹಬ್ಬುವ ಲಂಟಾನ ಎಂದು ಕವಲೊಡೆಯುತ್ತಾ ಹೋಗುತ್ತದೆ. ಇಲ್ಲಿ ಸಾಯುತ್ತಿರುವುದು ಒಬ್ಬ ಮನುಷ್ಯನಲ್ಲ, ಒಂದು ಊರು. ಯಾಕೆ ಎಂಬುದೇ ಪ್ರಶ್ನೆ. ಕೊನೇ ಪುಟದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ "ಇವನೇ" ಎಂದು ಬೆರಳು ತೋರಿಸಬೇಕು ಎನ್ನುವವರಿಗೆ ಇದನ್ನು ಕೊಡಬಾರದು. ಅಂಗಡಿಯವರು ಪತ್ತೇದಾರಿ ಎಂದಷ್ಟೇ ಹೇಳಿ ಕೊಟ್ಟರೆ ಪುಸ್ತಕಕ್ಕೂ ಅನ್ಯಾಯ, ಓದುಗರಿಗೂ ಅನ್ಯಾಯ.

ಆದರೆ ನಮ್ಮ ಜಿಲ್ಲೆಯವರ ಕೈಗೆ ಇದು ಬೇರೆ ಥರ ಸಿಗುತ್ತದೆ. ತೆಂಗಿಗೆ ನುಸಿ ರೋಗ ಬಂದಾಗ ತಿಪಟೂರು, ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಏನಾಯಿತು ಎಂದು ಕಂಡವರಿಗೆ, ಬೆಳೆ ಕೈಕೊಟ್ಟ ಊರಿನಲ್ಲಿ ಅನುಮಾನ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ವೇಗವೇ ಬೇಕು, ತೇಜಸ್ವಿಯೇ ಬೇಕು ಎನ್ನುವವರು 'ಜುಗಾರಿ ಕ್ರಾಸ್' ತಗೊಳ್ಳಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಯ ಕಥೆ ಅದು, ಓಟದಲ್ಲಿ ಇದಕ್ಕಿಂತ ಮುಂದು.

ಎಲ್ಲಿ ಓದುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿಗೆ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಹೋಗಿಬರುವವರಿಗೆ ಹಿಗಾಶಿನೊ ಹೇಳಿ ಮಾಡಿಸಿದ ಹಾಗಿದೆ. ಕ್ಯಾತ್ಸಂದ್ರದಲ್ಲಿ ತೆರೆದು ಚಿಕ್ಕಬಾಣಾವರದಲ್ಲಿ ಮುಚ್ಚಿದರೂ ಎಳೆ ಕಡಿಯುವುದಿಲ್ಲ. ಕ್ರಿಸ್ಟಿ ಹಾಗಲ್ಲ. ನಿಂತುಕೊಂಡು, ತಳ್ಳಾಟದಲ್ಲಿ ಓದಿದರೆ ಸುಳಿವು ಜಾರಿಹೋಗುತ್ತದೆ. ಎರಡು ಭಾನುವಾರ ಬಿಡುವು ಮಾಡಿಕೊಂಡು ಮನೆಯಲ್ಲೇ ಮುಗಿಸುವುದು ಮೇಲು. ತೇಜಸ್ವಿಯನ್ನು ಎಲ್ಲಿ ಬೇಕಾದರೂ ಓದಬಹುದು, ಆದರೆ ವಾರಗಟ್ಟಲೆ ಬಿಟ್ಟು ಓದಿದರೆ ಪಾತ್ರಗಳು ಮರೆಯುತ್ತವೆ.

ಇನ್ನು ಹಳೇ ಪುಸ್ತಕದ ಅಂಗಡಿ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಕಬೇಕಾದ್ದು ಅಲ್ಲೇ. ಕನ್ನಡದಲ್ಲಿ ಎಷ್ಟೋ ಜನಕ್ಕೆ ಓದಿನ ರುಚಿ ಹತ್ತಿಸಿದ ಪುಸ್ತಕಗಳವು, ಸಿಕ್ಕರೆ ಬಿಡಬೇಡಿ. ಆದರೆ ದುಡ್ಡು ಕೊಡುವ ಮುಂಚೆ ಕೊನೆಯಿಂದ ಹಿಂದಕ್ಕೆ ಪುಟಸಂಖ್ಯೆ ಎಣಿಸಿ. ಪುಸ್ತಕ ಹೊಲಿಯುವುದು ಸಾಮಾನ್ಯವಾಗಿ ಫಾರಂ, ಅಂದರೆ ಮಡಚಿದ ಹದಿನಾರು ಪುಟದ ಕಟ್ಟಿನ ಲೆಕ್ಕದಲ್ಲಿ. ದಾರ ಸಡಿಲವಾದರೆ ಮೊದಲು ಹೋಗುವುದು ಹೊರಗಿನ ಫಾರಂ, ಅಂದರೆ ಮೊದಲನೆಯದು ಇಲ್ಲವೇ ಕೊನೆಯದು. ಬೇರೆ ಕಾದಂಬರಿಯಲ್ಲಿ ಕೊನೇ ಎಂಟು ಹಾಳೆ ಇಲ್ಲದಿದ್ದರೂ ಹೇಗೋ ಸಹಿಸಬಹುದು, ಇದರಲ್ಲಿ ಆಗದು. ರಸ್ತೆ ಬದಿಯ ನಕಲಿ ಇಂಗ್ಲಿಷ್ ಪ್ರತಿಗಳಲ್ಲಿ ಇನ್ನೊಂದು ತೊಂದರೆ: ಒಂದೇ ಫಾರಂ ಎರಡು ಸಲ ಸೇರಿ ಮತ್ತೊಂದು ಬಿಟ್ಟುಹೋಗಿರುತ್ತದೆ. ನಡುವೆ ನಾಲ್ಕೈದು ಕಡೆ ತೆರೆದು ಸಂಖ್ಯೆ ಸಾಲಾಗಿದೆಯೇ ನೋಡಿ. ಕೊನೇ ಪುಟದ ಸಂಖ್ಯೆ ನೋಡುವಾಗ ಅಲ್ಲಿನ ಸಾಲುಗಳ ಮೇಲೆ ಅಂಗೈ ಇಟ್ಟುಕೊಳ್ಳಿ.